ತಾಟಿನ ಹಿಂದಿನ ಹೆಸರು

ಮದುವೆಗೆ ಬಾಡಿಗೆ ಕೊಟ್ಟಿದ್ದ ಐನೂರು ಸ್ಟೀಲ್ ತಾಟಿನಲ್ಲಿ ನಾನೂರೈವತ್ತು ಜಿಡ್ಡು ಹತ್ತಿಕೊಂಡು ವಾಪಸ್ ಬಂದಿದ್ದವು. ಐವತ್ತರ ಒಂದು ಕಟ್ಟು ಮಾತ್ರ, ನಾವು ಕೊಡುವಾಗ ಬಿಗಿದಿದ್ದ ಸುತಳಿ ಕೂಡ ಬಿಚ್ಚದೆ, ಹೋದ ಹಾಗೇ ಬಂದಿತ್ತು. ಬಾಡಿಗೆಯನ್ನು ಐನೂರಕ್ಕೂ ಲೆಕ್ಕ ಹಾಕಿ, ಚೌಕಾಸಿ ಮಾಡದೆ ಎಣಿಸಿಕೊಟ್ಟು ಹೋದರು. ಮದುವೆ ಮನೆಯವರು ಚೌಕಾಸಿ ಮಾಡದೆ ದುಡ್ಡು ಕೊಟ್ಟರೆ ಅಲ್ಲೇನೋ ಇದೆ ಎಂದು ನಮ್ಮ ಕಡೆ ಯಾರಿಗಾದರೂ ಹೊಳೆಯುತ್ತದೆ. ನನಗೆ ಹೊಳೆಯಲಿಲ್ಲ. ಮಂದಿ ಕಡಿಮೆ ಬಂದಿರಬೇಕು ಅಂದುಕೊಂಡು ಆ ಕಟ್ಟನ್ನು ಗೋಡೆಗೆ ಒರಗಿಸಿಟ್ಟೆ.

ಎರಡನೇ ಮದುವೆಯಲ್ಲೂ ಅದೇ ಕಟ್ಟು ಬಿಚ್ಚದೆ ಬಂತು. ಮೂರನೆಯದಕ್ಕೆ ತಾಟು ಒಯ್ಯಲು ಬಂದ ಹುಡುಗ ಟಂಟಂ ಗಾಡಿಗೆ ಹೇರುವ ಮೊದಲು ಒಂದೊಂದು ಕಟ್ಟಿನ ಮೇಲಿನ ತಾಟನ್ನು ಬೋರಲು ಮಾಡಿ ನೋಡಿದ. ನಾಲ್ಕನೆಯ ಕಟ್ಟಿಗೆ ಬಂದಾಗ ಕೈ ನಿಂತಿತು. "ಇದು ಬ್ಯಾಡ್ರೀ ಸರ. ಬ್ಯಾರೆ ಇದ್ರ ಕೊಡ್ರಿ, ಇಲ್ಲಾಂದ್ರ ನಾನೂರೈವತ್ತೇ ಸಾಕು."

ಅವನು ಓದಿದ್ದು ತಾಟಿನ ಬೆನ್ನಿಗೆ ಚುಕ್ಕಿ ಚುಕ್ಕಿಯಾಗಿ ಕೊರೆದಿದ್ದ ಹೆಸರನ್ನು.

ಊರು, ಸಂಸ್ಥೆ, ಹಳ್ಳ

ನಮ್ಮದು ಕೊಪ್ಪಳ ಜಿಲ್ಲೆಯ ಒಂದು ಸಣ್ಣ ಊರು, ಗಂಗಾವತಿಯಿಂದ ಬಸ್ಸಿಗೆ ಒಂದು ತಾಸಿನ ದಾರಿ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಆ ಕಟ್ಟು ಯಾರದು, ಮದುವೆ ಯಾರದು ಎಂದು ಅಲ್ಲಿಯವರಿಗೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ಊರಿನ ಒಂದು ಮಗ್ಗುಲಿಗೆ ಹಾಯುತ್ತದೆ. ಕಾಲುವೆಯ ಕೆಳಗೆ ಭತ್ತ, ಮೇಲೆ ಸಜ್ಜೆ, ಜೋಳ, ತೊಗರಿ. ಕೆಳಗಿನವರ ಮದುವೆಗೆ ಕಲ್ಯಾಣ ಮಂಟಪ, ಮೇಲಿನವರ ಮದುವೆಗೆ ಮನೆ ಮುಂದಿನ ಶಾಮಿಯಾನ. ಊಟಕ್ಕೆ ಮಾತ್ರ ಇಬ್ಬರಿಗೂ ಒಂದೇ ಸಾಮಾನು: ಬೆಳ್ಳಿ ಬಣ್ಣದ ಪೇಪರ್ ತಾಟು, ಪೇಪರ್ ಗ್ಲಾಸು, ಟೇಬಲ್ಲಿಗೆ ಹಾಸುವ ರೋಲು.

ನಮ್ಮ ಸಂಸ್ಥೆಯಲ್ಲಿ ಇದ್ದವರು ಏಳು ಮಂದಿ, ಒಂದು ಬಾಡಿಗೆ ಕೋಣೆ. ನಾನು ಲೆಕ್ಕಪತ್ರ ನೋಡುತ್ತಿದ್ದೆ. ಮುಂದೆ ತಾಟಿನ ಕೋಣೆಯ ಕೀಲಿಯೂ ನನ್ನ ಕೈಗೇ ಬಂತು. ಅದಕ್ಕೆ ಮೊದಲು ಬಟ್ಟೆ ಚೀಲ ಹಂಚಿದ್ದೆವು, ಬೀಜದುಂಡೆ ಎಸೆದಿದ್ದೆವು, ಶಾಲೆ ಮಕ್ಕಳಿಂದ ಜಾಥಾ ಮಾಡಿಸಿದ್ದೆವು. ಎಲ್ಲವೂ ಫೋಟೊ ಚೆನ್ನಾಗಿ ಬರುವ ಕೆಲಸಗಳು. ಎಸೆದ ಬೀಜದುಂಡೆಗಳಲ್ಲಿ ಎಷ್ಟು ಮೊಳೆತವು ಎಂದು ಆಮೇಲೆ ಹೋಗಿ ನೋಡಿದವರು ನಮ್ಮಲ್ಲಿ ಒಬ್ಬರೂ ಇಲ್ಲ.

ತಾಟಿನ ಯೋಚನೆ ಹುಟ್ಟಿದ್ದು ಹಳ್ಳದಲ್ಲಿ. ಮಂಟಪದ ಹಿಂದೆ ಒಂದು ಹಳ್ಳವಿದೆ. ಮದುವೆಯ ಮರುದಿನ ಬೆಳಿಗ್ಗೆ ಅಲ್ಲಿ ದನಗಳು ಮೂತಿ ಹಾಕಿ ನಿಂತಿರುತ್ತವೆ. ಅನ್ನ, ಸಾರು, ಬುಂದಿ ಹತ್ತಿದ ತಾಟನ್ನು ನೆಕ್ಕುವುದಿಲ್ಲ, ಮಡಚಿ ತಾಟಿಗೆ ತಾಟೇ ನುಂಗುತ್ತವೆ. ಉಳಿದದ್ದಕ್ಕೆ ಯಾರೋ ಬೆಂಕಿ ಹಚ್ಚುತ್ತಾರೆ, ಅದಕ್ಕೂ ಉಳಿದದ್ದು ಮೊದಲ ದೊಡ್ಡ ಮಳೆಗೆ ತುಂಗಭದ್ರೆಯ ದಾರಿ ಹಿಡಿಯುತ್ತದೆ.

ಕಾನೂನು ಇರಲಿಲ್ಲವೆಂದಲ್ಲ. ಕರ್ನಾಟಕ ಸರ್ಕಾರ 2016ರ ಮಾರ್ಚ್ 11ರ ಅಧಿಸೂಚನೆಯಲ್ಲೇ ಪ್ಲಾಸ್ಟಿಕ್ ತಾಟು, ಲೋಟ, ಚಮಚ, ಥರ್ಮೊಕೋಲ್ ಸಾಮಾನು, ಊಟದ ಟೇಬಲ್ಲಿಗೆ ಹಾಸುವ ಪ್ಲಾಸ್ಟಿಕ್ ಹಾಳೆ ಎಲ್ಲವನ್ನೂ ನಿಷೇಧಿಸಿತ್ತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಕೆಲವು ಪ್ಲಾಸ್ಟಿಕ್ ಸಾಮಾನುಗಳ ಮೇಲೆ ಕೇಂದ್ರದ ನಿಷೇಧವೂ ಬಂತು. ನಮ್ಮೂರಲ್ಲಿ ಅದರಿಂದ ಆದದ್ದು ಒಂದೇ: ಥರ್ಮೊಕೋಲ್ ಹೋಗಿ 'ಪೇಪರ್' ಬಂತು. ಆ ಪೇಪರ್ ತಾಟನ್ನು ನೀರಲ್ಲಿ ನೆನೆಸಿಟ್ಟು ಉಗುರಿನಿಂದ ಕೆರೆದರೆ ಮೇಲಿನ ಬೆಳ್ಳಿ ಪೊರೆ ಹಾವಿನ ಪೊರೆಯಂತೆ ಉದ್ದಕ್ಕೆ ಸುಲಿದು ಬರುತ್ತದೆ. ಅದು ಪ್ಲಾಸ್ಟಿಕ್ಕೇ. ಈ ಪೊರೆಯಿಂದಾಗಿ ತಾಟು ಕೊಳೆಯುವುದೂ ಇಲ್ಲ, ರದ್ದಿಯವನು ಕೊಳ್ಳುವುದೂ ಇಲ್ಲ. ಅಂಗಡಿಯವನ ಕಡೆಯಿಂದ ನೋಡಿದರೆ ಅವನು ಕಾನೂನು ಪಾಲಿಸಿದ್ದಾನೆ.

'ಅಜ್ಜಿಯ ಕಾಲ' ಎಂಬ ತಪ್ಪು

ಐನೂರು ತಾಟು, ಐನೂರು ಗ್ಲಾಸು ಕೊಂಡು ಮದುವೆ, ಜವಳ, ಮನೆ ಶಾಂತಿಗೆ ಬಾಡಿಗೆ ಕೊಡುವುದು ನಮ್ಮ ಯೋಜನೆ. ಕರಪತ್ರದಲ್ಲಿ 'ಅಜ್ಜಿಯ ಕಾಲಕ್ಕೆ ಮರಳೋಣ' ಎಂದು ಅಚ್ಚು ಹಾಕಿಸಿದೆವು. ಮೊದಲ ತಪ್ಪು ಅದು. ಅಜ್ಜಿಯ ಕಾಲದ ಮದುವೆಯಲ್ಲಿ ಸ್ಟೀಲ್ ತಾಟು ಎಲ್ಲಿತ್ತು? ಆಗ ಇದ್ದದ್ದು ಮುತ್ತಲ ಎಲೆಯ ಪತ್ರಾವಳಿ. ಬೇಸಿಗೆಯಲ್ಲಿ ಹೆಣ್ಣುಮಕ್ಕಳು ಕಟ್ಟೆಯ ಮೇಲೆ ಕೂತು ಕಡ್ಡಿ ಚುಚ್ಚಿ ಹಚ್ಚುತ್ತಿದ್ದರು. ಉಂಡು ಎದ್ದರೆ ತಿಪ್ಪೆಗೆ. ಬೆಳಗಾಗುವುದರೊಳಗೆ ದನ ತಿಂದು ಮುಗಿಸುತ್ತಿದ್ದವು. ಅಂದರೆ ಬಿಸಾಡುವ ತಾಟೇ ನಮ್ಮ ಹಳೇ ಪದ್ಧತಿ. ತೊಳೆಯುವವರು ಬೇಡ, ಮುಂಚೆ ಇದರಲ್ಲಿ ಯಾರು ಉಂಡಿದ್ದರು ಎಂಬ ಮಾತೇ ಹುಟ್ಟುವುದಿಲ್ಲ. ಥರ್ಮೊಕೋಲ್ ಬಂದು ಕೂತದ್ದು ಆ ಪತ್ರಾವಳಿಯ ಜಾಗದಲ್ಲಿ.

ಎಲೆಗೇ ಮರಳಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಕಾಲುವೆ ಕೆಳಗಿನ ಹೊಲಗಳು ಗದ್ದೆಯಾಗುವಾಗ ಬದುವಿನ ಮುತ್ತಲ ಗಿಡಗಳು ಹೋದವು. ಬಾಳೆ ಎಲೆ ಬೇಕಾದಷ್ಟು ಸಿಗುತ್ತದೆ. ಆನೆಗೊಂದಿ, ಕಂಪ್ಲಿ ಕಡೆಯೆಲ್ಲ ಬಾಳೆಯ ತೋಟವೇ. ಆದರೆ ನಿಂತು ಉಣ್ಣುವ ಬಫೆಯಲ್ಲಿ ಬಾಳೆ ಎಲೆಯನ್ನು ಕೈಯಲ್ಲಿ ಹಿಡಿಯುವುದು ಹೇಗೆ? ಪಂಕ್ತಿ ಹಾಕಿಸಿರಿ ಎಂದರೆ ಮಂಟಪದವರು ಒಪ್ಪುವುದಿಲ್ಲ, ಮಧ್ಯಾಹ್ನ ಮೂರಕ್ಕೆ ಹಾಲ್ ಖಾಲಿ ಆಗಬೇಕು.

ಶುರು ಮಾಡುವ ಮೊದಲು ನಾವು ಮೂವರು ಆನೆಗೊಂದಿಗೆ ಹೋಗಿದ್ದೆವು. ಅಲ್ಲಿ 1997ರಲ್ಲಿ ಶುರುವಾದ ಕಿಷ್ಕಿಂದಾ ಟ್ರಸ್ಟ್ ಬಾಳೆ ನಾರಿನಿಂದ ಚೀಲ, ಬುಟ್ಟಿ ಮಾಡಿಸಿ ಊರಿನ ಹೆಣ್ಣುಮಕ್ಕಳಿಗೆ ಗಳಿಕೆಯ ದಾರಿ ಮಾಡಿದೆ. ನಾವು ನಾರನ್ನು ಮುಟ್ಟಿ ನೋಡಿದೆವು, ಎರಡು ಚೀಲ ಕೊಂಡೆವು, ಫೋಟೊ ಹೊಡೆಸಿಕೊಂಡೆವು. ನೋಡದೆ ಬಂದದ್ದು ಕೂಲಿಯ ಲೆಕ್ಕವನ್ನು. ಅದರ ಬೆಲೆ ಮೊದಲ ಹಂಗಾಮಿನಲ್ಲೇ ಗೊತ್ತಾಯಿತು.

ತೊಳೆಯುವವರು ಯಾರು

ತಾಟು ತೊಳೆದುಕೊಡುವ ಜವಾಬ್ದಾರಿ ನಮ್ಮದು ಎಂದು ಹೇಳಿದ್ದಕ್ಕೇ ಬುಕಿಂಗ್ ಬಂದದ್ದು. ತೊಳೆಯಲು ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳನ್ನು 'ಸೇವೆ'ಗೆ ಕರೆದೆವು. ಚಹಾ, ಊಟ ನಮ್ಮದು. ಮೊದಲ ಮದುವೆಗೆ ಹನ್ನೊಂದು ಮಂದಿ ಬಂದರು, ಎರಡನೆಯದಕ್ಕೆ ಆರು. ಮೂರನೆಯದಕ್ಕೆ ಬಂದದ್ದು ಒಬ್ಬಾಕೆ, ಅದೂ ಬೈಯಲಿಕ್ಕೆ. "ಮನ್ಯಾಗಿನ ಭಾಂಡೆ ತಿಕ್ಕಿ ಸಾಕಾಗಿ ಊರು ಪೇಪರ್ ತಾಟಿಗಿ ಹೋತು. ನೀವು ಮತ್ತ ಭಾಂಡೆ ತಂದ್ರಿ. ನಿಮ್ಮ ಪರಿಸರ ಉಳಿಸಾಕ ನಮ್ಮ ರಟ್ಟಿ ಸವೀಬೇಕೇನು?"

ಈ ಪ್ರಕರಣದಲ್ಲಿ ನಾನು ಕೇಳಿದ ಮಾತುಗಳಲ್ಲೆಲ್ಲ ತೂಕದ್ದು ಇದೇ. ಜನಕ್ಕೆ ಅರಿವಿಲ್ಲ, ಅರಿವು ಮೂಡಿಸಬೇಕು ಎಂದು ನಾವು ಹೊರಟಿದ್ದೆವು. ಆಕೆಗೆ ನಮಗಿಂತ ಚೆನ್ನಾಗಿ ಅರಿವಿತ್ತು. ಮದುವೆ ಮನೆಯಲ್ಲಿ ರಾತ್ರಿ ಹನ್ನೆರಡರವರೆಗೆ ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು ಸಬೀನಾ ಪುಡಿ ಹಾಕಿ ತಿಕ್ಕುತ್ತಿದ್ದವರು ಯಾರು ಎಂದು ನಾವು, ಏಳರಲ್ಲಿ ಐವರು ಗಂಡಸರು, ಯೋಚಿಸಿರಲೇ ಇಲ್ಲ.

ಕೂಲಿ ಗೊತ್ತು ಮಾಡಿದೆವು. ಹಿತ್ತಲು ಬಿಟ್ಟು ಎತ್ತರದ ಕಟ್ಟೆ ಕಟ್ಟಿಸಿ, ನಿಂತು ತೊಳೆಯುವಂತೆ ನಾಲ್ಕು ದೊಡ್ಡ ಟಬ್ಬು ಸಾಲಾಗಿ ಇಟ್ಟೆವು. ಮೊದಲನೆಯದಕ್ಕಿಂತ ಮುಂಚೆ ಒಂದು ಬಕೆಟ್ಟು. ಉಣ್ಣುವವರೇ ಉಳಿದ ಅನ್ನವನ್ನು ಅದರೊಳಗೆ ಕೊಡವಬೇಕು. ಮೊದಲ ಟಬ್ಬಿನಲ್ಲಿ ಮುಸುರೆ ನೀರು, ಎರಡರಲ್ಲಿ ಸೋಪಿನದು, ಮೂರರಲ್ಲಿ ತಣ್ಣೀರು, ನಾಲ್ಕರಲ್ಲಿ ಕೈ ಸುಡುವಷ್ಟು ಬಿಸಿ ನೀರು. ಮೂರನೆಯದು ಕದಡಿದಾಗ ಅದನ್ನು ಎರಡಕ್ಕೆ, ಎರಡನೆಯದನ್ನು ಒಂದಕ್ಕೆ ಸುರಿಯುವುದು. ನಳದ ಕೆಳಗೆ ಒಂದೊಂದಾಗಿ ಹಿಡಿದಾಗ ಐನೂರು ತಾಟಿಗೆ ಎರಡು ಟ್ಯಾಂಕು ನೀರೂ ಸಾಲುತ್ತಿರಲಿಲ್ಲ. ಈ ರೀತಿಯಲ್ಲಿ ಸಾವಿರ ಲೀಟರಿನ ಒಂದೇ ಸಿಂಟೆಕ್ಸಿನಲ್ಲಿ ಮುಗಿಯಿತು. ಇದು ಸಣ್ಣ ಮಾತಲ್ಲ. ನಮ್ಮ ಕಡೆ ಮದುವೆ ಹಂಗಾಮು ಏಪ್ರಿಲ್, ಮೇ. ಕಾಲುವೆ ಒಣಗಿ, ಊರಿನ ನಳ ವಾರಕ್ಕೊಮ್ಮೆ ಗುಟುರು ಹಾಕುವ ಕಾಲ. ನೀರಿಲ್ಲದ ಊರಲ್ಲಿ ತಾಟು ತೊಳೆಯಿರಿ ಎನ್ನುವುದು ಯಾವ ಪರಿಸರ ಎಂದು ಕೇಳಿದವರಿಗೆ ನಮ್ಮ ಹತ್ತಿರ ಇದ್ದ ಉತ್ತರ ಆ ನಾಲ್ಕು ಟಬ್ಬು ಮಾತ್ರ.

ಕೂಲಿ ಕೊಟ್ಟಮೇಲೆ ತಾಟಿಗೆ ಎರಡು ರೂಪಾಯಿ ಇದ್ದ ಬಾಡಿಗೆ ನಾಲ್ಕಾಯಿತು. ಮುರಿದ ಲೆಕ್ಕ, ಕಳೆದ ಲೆಕ್ಕ ಬೇರೆ. ತಾಟು ಅಷ್ಟಾಗಿ ಕಳೆಯುವುದಿಲ್ಲ. ಗ್ಲಾಸು ಹುಡುಗರ ಜೇಬಿನಲ್ಲಿ, ಟ್ರ್ಯಾಕ್ಟರಿನ ಟ್ರಾಲಿಯಲ್ಲಿ, ನೆಂಟರ ಬುತ್ತಿ ಚೀಲದಲ್ಲಿ ಊರೂರಿಗೆ ಹೋಗುತ್ತದೆ.

ಇನ್ನೊಂದನ್ನು ಮುಚ್ಚಿಡಬಾರದು. ಕೂಲಿಗೆ ಯಾರು ಬೇಕಾದರೂ ಬರಬಹುದು ಎಂದು ಸಾರಿದ್ದೆವು. ಬಂದವರೆಲ್ಲ ಒಂದೇ ಕೇರಿಯವರು. ಊರು ಯಾವ ಕೆಲಸವನ್ನು ಯಾರಿಗೆ ಹಂಚಿತ್ತೋ ಅದನ್ನೇ ನಾವು ರಸೀದಿ ಬರೆದು ಮುಂದುವರಿಸಿದಂತಾಯಿತು. ಸಂಸ್ಥೆಯ ಇಬ್ಬರು ಗಂಡುಹುಡುಗರು ಪ್ರತಿ ಮದುವೆಯಲ್ಲೂ ಕೊನೆಯ ಟಬ್ಬಿನ ಹತ್ತಿರ ನಿಲ್ಲಬೇಕು ಎಂದು ಗೊತ್ತು ಮಾಡಿದೆವು. ನಿಂತರು. ಅದರಿಂದ ಲೆಕ್ಕ ಸರಿಹೋಯಿತು ಎಂದು ನಾನು ನಂಬುವುದಿಲ್ಲ.

ಹೆಸರು

ಇಷ್ಟರ ನಡುವೆ ಆ ಕಟ್ಟಿನ ಸಂಗತಿ.

ತಾಟು ಕೊಳ್ಳಲು ದುಡ್ಡು ಬಂದದ್ದು ದಾನದಿಂದ. ಐವತ್ತು ತಾಟಿಗೆ ದುಡ್ಡು ಕೊಟ್ಟವರ ಹೆಸರನ್ನು ಆ ಐವತ್ತರ ಹಿಂದೆ ಕೊರೆಸುವುದು ಎಂದು ಮಾತಾಗಿತ್ತು. ನಮ್ಮಲ್ಲಿ ಹೆಸರಿಲ್ಲದ ಭಾಂಡೆ ಎಲ್ಲಿದೆ? ತವರಿನಿಂದ ಬಂದ ಕೊಡ, ಮುಯ್ಯಿಗೆ ಬಂದ ತಂಬಿಗೆ, ಗುಡಿಯ ಗಂಟೆ, ಶಾಲೆಯ ಗಡಿಯಾರ, ಎಲ್ಲದರ ಮೇಲೂ ಒಂದು ಹೆಸರು. ಭಾಂಡೆ ಅಂಗಡಿಯವನು ಚಿಕ್ಕ ಮಷೀನಿನಿಂದ ಟಕಟಕ ಎಂದು ಹೊಡೆದುಕೊಟ್ಟ. ಹತ್ತು ಕಟ್ಟು, ಹತ್ತು ಹೆಸರು.

ಅದರಲ್ಲಿ ಒಬ್ಬರು ನಿವೃತ್ತ ಮಾಸ್ತರರು. ಊರಿನ ಅರ್ಧಕ್ಕೆ ಅರ್ಧ ಮಂದಿ ಅವರ ಕೈಯಲ್ಲಿ ಮಗ್ಗಿ ಕಲಿತವರು. ತೀರಿಹೋದ ಹೆಂಡತಿಯ ಸ್ಮರಣಾರ್ಥ ಕೊಟ್ಟಿದ್ದರು. ಹೆಂಡತಿಯ ಹೆಸರು ಮೇಲೆ, ಕೆಳಗೆ 'ಸ್ಮರಣಾರ್ಥ', ಅದರ ಕೆಳಗೆ ಅವರ ಹೆಸರು ಮತ್ತು ಮನೆತನದ ಅಡ್ಡಹೆಸರು. ಆ ಅಡ್ಡಹೆಸರು ಓದಿದರೆ ಕೇರಿ ಯಾವುದೆಂದು ಗೊತ್ತಾಗುತ್ತದೆ.

ನಮ್ಮ ಸಮಿತಿಯಲ್ಲಿ ಮೊದಲು ಬಂದ ಸಲಹೆ, ಆ ಕಟ್ಟನ್ನು ಸುಮ್ಮನೆ ಬೀರುವಿನಲ್ಲಿಟ್ಟು ಸಂಸ್ಥೆಯ ಊಟಕ್ಕೆ ಮಾತ್ರ ಬಳಸೋಣ ಎಂಬುದು. ಹೇಳಿದವರು ಕೆಟ್ಟವರಲ್ಲ, ಜಗಳ ಬೇಡ ಎನ್ನುವವರು. ನಾವು ಆಗ ಅದಕ್ಕೆ ಒಪ್ಪದೆ ಇನ್ನೊಂದು ಮಾಡಿದೆವು: ಐನೂರನ್ನೂ ಕಲಸಿ, ಇಸ್ಪೀಟು ಎಲೆಯಂತೆ, ಮತ್ತೆ ಐವತ್ತರ ಕಟ್ಟು ಕಟ್ಟಿದೆವು. ಒಂದು ಮನೆಯವರು ರಾತ್ರಿ ಕೂತು ಒಂದೊಂದೇ ತಿರುವಿ ಆರಿಸಿ ಬೇರೆ ಮಾಡಿದರಂತೆ. ಇನ್ನೊಂದು ಮನೆಯವರು ಬುಕಿಂಗೇ ರದ್ದು ಮಾಡಿ ಬೆಳ್ಳಿ ಪೇಪರಿಗೆ ಹೋದರು.

ಆಗ ಒಬ್ಬರು ಇನ್ನೊಂದು ದಾರಿ ತೋರಿಸಿದರು. ಸಸ್ಯಾಹಾರದ ಮದುವೆಗೆ ಒಂದು ಸೆಟ್ಟು, ಮಾಂಸದ ಊಟಕ್ಕೆ ಒಂದು ಸೆಟ್ಟು ಮಾಡಿದರೆ ಯಾರಿಗೂ ನೋವಾಗುವುದಿಲ್ಲ ಎಂದು. ಮಾಡಿದೆವು. ಇದು ನಾವು ಮಾಡಿದ ಅತಿ ದಡ್ಡ ಕೆಲಸ. ಒಂದೇ ತಿಂಗಳಲ್ಲಿ ಊರವರ ಬಾಯಲ್ಲಿ ಅವು 'ಮ್ಯಾಲಿನ ತಾಟು', 'ಕೆಳಗಿನ ತಾಟು' ಆದವು. ಹೋಳಿಗೆ ಊಟ ಹಾಕಿಸುತ್ತೇನೆಂದು ಮೊದಲ ಸೆಟ್ಟು ಕೇಳಲು ಬಂದ ಕೇರಿಯ ಒಬ್ಬನಿಗೆ, 'ಅದು ಬೇರೆ ಕಡೆ ಬುಕ್ಕಾಗಿದೆ' ಎಂದು ನಮ್ಮ ಕೋಣೆಯಲ್ಲಿದ್ದ ಹುಡುಗ ಸುಳ್ಳು ಹೇಳಿದ. ತಾಟು ಕಪಾಟಿನಲ್ಲೇ ಇದ್ದವು. ಕೀಲಿ ನನ್ನ ಜೇಬಿನಲ್ಲಿತ್ತು. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ರದ್ದು ಮಾಡಿ ಎಷ್ಟೋ ಕಾಲವಾಯಿತು, ಅದಕ್ಕೆ ಶಿಕ್ಷೆ ವಿಧಿಸುವ ಕಾಯ್ದೆಯೂ 1955ರಿಂದ ಇದೆ. ಬಾಡಿಗೆ ಪೂರ್ತಿ ಕೊಟ್ಟು ತಾಟು ಬಳಸದವರ ಮೇಲೆ ಏನೆಂದು ದೂರು ಬರೆಯುವುದು ಎಂದು ನಾವೇ ಗೊಣಗಿಕೊಂಡಿದ್ದೆವು. ಆ ದಿನ ದೂರಿಗೆ ತಕ್ಕ ಕೆಲಸವನ್ನು ನಮ್ಮ ಕೋಣೆಯೇ ಮಾಡಿತ್ತು.

ಮಾಸ್ತರರನ್ನು ಕರೆಯದೆ ಇದನ್ನು ತೀರ್ಮಾನ ಮಾಡಲಾಗುತ್ತಿರಲಿಲ್ಲ. ಹೇಗೆ ಹೇಳುವುದು ಎಂದು ನಾನು ತಡವರಿಸುತ್ತಿದ್ದೆ. ಅವರೇ ಅಂದರು: "ಮೊದಲನೇ ಮದುವಿ ದಿನಾನ ಗೊತ್ತಾತು. ನಾನೂ ಊಟಕ್ಕ ಹೋಗಿದ್ನಲ್ಲ. ಅಡಗಿ ಮನಿ ಮೂಲ್ಯಾಗ ಆಕಿ ಹೆಸರಿನ ಕಟ್ಟು ಹಂಗ ಇತ್ತು."

ಅವರು ಆ ಊಟವನ್ನು ಇನ್ನೊಬ್ಬರ ಹೆಸರಿನ ತಾಟಿನಲ್ಲಿ ಉಂಡು ಬಂದಿದ್ದರು.

ಸಭೆಯಲ್ಲಿ ಎರಡು ಮಾತು ಉಳಿದವು. ಹೆಸರು ಇರಲಿ, ಕಲಸಿದ ಕಟ್ಟು ಒಪ್ಪಿದವರಿಗೆ ಮಾತ್ರ ತಾಟು ಕೊಡೋಣ ಎಂಬುದು ಒಂದು. ಹತ್ತೂ ಹೆಸರನ್ನು ತೆಗೆಸಿಬಿಡೋಣ ಎಂಬುದು ಇನ್ನೊಂದು. ಎರಡನೆಯದನ್ನು ಹೇಳಿದ ಹೆಣ್ಣುಮಗಳು ಗವಿಮಠದ ಜಾತ್ರೆಯ ಮಾತು ತೆಗೆದಳು. ಕೊಪ್ಪಳದ ಆ ಜಾತ್ರೆಯ ದಾಸೋಹಕ್ಕೆ ಹಳ್ಳಿಹಳ್ಳಿಯಿಂದ ರೊಟ್ಟಿ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬರುತ್ತವೆ. ಯಾವ ಮನೆಯ ರೊಟ್ಟಿ ಯಾರ ಕೈಗೆ ಬಿತ್ತು ಎಂದು ಅಲ್ಲಿ ಯಾರು ಕೇಳುತ್ತಾರೆ ಎಂದಳು. ನಾನು ಮೊದಲನೆಯದರ ಪರ ಕೈ ಎತ್ತಿದೆ. ಸೋತೆ. ಮಾಸ್ತರರು ಎರಡಕ್ಕೂ ಕೈ ಎತ್ತಲಿಲ್ಲ. "ತೆಗೀತೀರಿ ಅಂದ್ರ ಎಲ್ಲಾರದೂ ತೆಗೀರಿ" ಎಂದಷ್ಟೇ ಅಂದರು. ಒಂದು ತಾಟನ್ನು ಹೆಸರು ಸಮೇತ ವಾಪಸ್ ಕೇಳಿದರು. ಕೊಟ್ಟೆವು.

ಗಂಗಾವತಿಯ ಒಂದು ವರ್ಕ್‌ಶಾಪಿನಲ್ಲಿ ಬಫಿಂಗ್ ಗಾಲಿಗೆ ಹಿಡಿದು ಹೆಸರು ಉಜ್ಜಿಸಿದೆವು. ಚುಕ್ಕಿ ಆಳಕ್ಕೆ ಇಳಿದಿದ್ದವು, ಪೂರ್ತಿ ಹೋಗಲಿಲ್ಲ. ಎದುರಿಗೆ ಹಿಡಿದರೆ ಬರೀ ಒಂದು ಮಂಕು ಮಚ್ಚೆ. ಕಿಟಕಿಯ ಬೆಳಕಿಗೆ ಓರೆ ಮಾಡಿ ಹೆಬ್ಬೆರಳು ಆಡಿಸಿದರೆ ಇವತ್ತಿಗೂ ಕೆಲವು ತಾಟಿನಲ್ಲಿ 'ಸ್ಮರ' ಎನ್ನುವವರೆಗೆ ಓದಬಹುದು.

ಆ ತೀರ್ಮಾನ ಸರಿಯೋ ತಪ್ಪೋ ನನಗೆ ಈಗಲೂ ಬಗೆಹರಿದಿಲ್ಲ. ಉಣ್ಣಲು ಒಲ್ಲೆ ಎಂದವರಿಗೆ ಅನುಕೂಲವಾಗಲಿ ಎಂದು ಕೊಟ್ಟವರ ಹೆಸರು ಅಳಿಸಿದೆವಲ್ಲ ಎಂದು ಒಂದು ಮನಸ್ಸು. ದಾನಕ್ಕೆ ಹೆಸರು ಹೊಡೆಸಿದ್ದೇ ನಮ್ಮ ಚಪಲ, ಅಲ್ಲಿಂದಲೇ ಕೆಟ್ಟಿತು ಎಂದು ಇನ್ನೊಂದು.

ಶಾಮಿಯಾನ ಅಂಗಡಿ

ಇದನ್ನೆಲ್ಲ ದೂರದಿಂದ ನೋಡಿ ನಗುತ್ತಿದ್ದವನು ಶಾಮಿಯಾನ ಅಂಗಡಿಯವನು. ನಾವು ಅವನನ್ನು ಮಾತಾಡಿಸಿಯೇ ಇರಲಿಲ್ಲ. ವ್ಯಾಪಾರಿ, ಪೇಪರ್ ತಾಟನ್ನೂ ಮಾರುವವನು, ನಮ್ಮ ಎದುರು ಪಾರ್ಟಿ ಅಂದುಕೊಂಡಿದ್ದೆವು. ಅವನ ಗೋದಾಮಿನಲ್ಲಿ ಹಂಡೆ, ಪರಾತ, ಸೌಟಿನ ಜೊತೆ ಹಳೇ ಸ್ಟೀಲ್ ತಾಟುಗಳ ರಾಶಿಯೂ ಇತ್ತು. ತೊಳೆಯುವವರಿಲ್ಲದೆ ಬಾಡಿಗೆಗೆ ಬಿಡುವುದನ್ನು ನಿಲ್ಲಿಸಿದ್ದನಂತೆ. ನಮ್ಮಲ್ಲಿ ತೊಳೆಯುವ ಕಟ್ಟೆ, ಟಬ್ಬು, ಕೂಲಿಯ ಪದ್ಧತಿ ಇತ್ತು. ಅವನಲ್ಲಿ ಗಾಡಿ, ಗಿರಾಕಿ, ವಸೂಲಿ ಮಾಡುವ ಬಾಯಿ ಇತ್ತು.

ಎರಡನೇ ಹಂಗಾಮಿಗೆ ತಾಟುಗಳನ್ನು ಅವನಿಗೆ ಒಪ್ಪಿಸಿದೆವು. ಷರತ್ತು ಮೂರು: ಕೂಲಿ ಅದೇ ರಾತ್ರಿ ಕೈಗೆ ಕೊಡಬೇಕು, ಸೆಟ್ಟು ಒಂದೇ ಇರಬೇಕು, ಯಾರು ಕೇಳಿದರೂ ಕೊಡಬೇಕು. ಅವನು ನಮ್ಮ ತಾಟನ್ನು ತನ್ನ ರಾಶಿಯಲ್ಲಿ ಸೇರಿಸಿಬಿಟ್ಟ. ಮೊದಲೆಲ್ಲಿ ಹೋಗಿತ್ತು ಎಂದು ಯಾರೋ ಕೇಳಿದಾಗ ಅವನು ಕೊಟ್ಟ ಉತ್ತರ ನಮ್ಮ ಅಷ್ಟೂ ಸಭೆಗಳಿಗಿಂತ ಚುಟುಕು: "ಗಂಗಾವತಿ ಖಾನಾವಳ್ಯಾಗ ಉಣ್ಣುವಾಗ ಕೇಳ್ತಿಯೇನು? ಇದು ಅಂಗಡಿ ತಾಟು."

ದಾನದ ತಾಟಿಗೆ ಕುಲ ಇತ್ತು, ಅಂಗಡಿ ತಾಟಿಗೆ ಇಲ್ಲ. ಇದರಲ್ಲಿ ಹೆಮ್ಮೆಪಡುವಂಥದ್ದೇನೂ ಇಲ್ಲ, ಆದರೆ ತಾಟು ಓಡಾಡತೊಡಗಿದವು. ಜಾತ್ರೆಯ ದಾಸೋಹ, ಉರುಸು, ಜವಳ, ಸೀಮಂತ. ಮುಸ್ಲಿಂ ಮದುವೆಗಳು ಮೊದಲಿನಿಂದಲೂ ತಕರಾರಿಲ್ಲದೆ ಒಯ್ಯುತ್ತಿದ್ದವು, ಅಲ್ಲಿಂದ ಬುಕಿಂಗ್ ಹೆಚ್ಚಾಯಿತು. ಬುಕಿಂಗ್ ರದ್ದು ಮಾಡಿದ್ದ ಮನೆಯವರು ಮಾತ್ರ ಮತ್ತೆ ಬರಲಿಲ್ಲ. ಅವರ ಹಾಗೆ ಇನ್ನೂ ನಾಲ್ಕೈದು ಮನೆಗಳಿವೆ. ಮಂಟಪದ ಹಿಂದಿನ ಹಳ್ಳದಲ್ಲಿ ದನಗಳು ಈಗಲೂ ನಿಲ್ಲುತ್ತವೆ, ಎಲ್ಲ ಮದುವೆಯ ಮರುದಿನವೂ ಅಲ್ಲ. ಬಕೆಟ್ಟಿಗೆ ಬಿದ್ದ ಅನ್ನವನ್ನು ಎಮ್ಮೆ ಸಾಕಿದವರು ಅದೇ ರಾತ್ರಿ ಕೊಡದಲ್ಲಿ ಒಯ್ಯುತ್ತಾರೆ. ತಾಟಿನಿಂದ ಬೇರೆಯಾದ ಅನ್ನಕ್ಕೆ ಊರಲ್ಲಿ ಗಿರಾಕಿಗಳಿದ್ದಾರೆ ಎಂಬುದು ನಾವು ಎಣಿಸದೆ ಸಿಕ್ಕ ಲಾಭ.

ಗ್ಲಾಸುಗಳ ಕೆಲಸ ಮಾತ್ರ ಪೂರ್ತಿ ಕೆಟ್ಟಿತು. ಐನೂರರಿಂದ ಮುನ್ನೂರಕ್ಕೆ ಇಳಿದವು, ಆ ಮುನ್ನೂರೂ ಗೋದಾಮಿನಲ್ಲೇ ಕೂತಿವೆ. ಈಗ ಪ್ರತಿ ತಾಟಿನ ಪಕ್ಕದಲ್ಲಿ ಇನ್ನೂರು ಎಂಎಲ್‌ನ ಒಂದು ನೀರಿನ ಬಾಟಲಿ ಬಂದು ಕೂತಿದೆ. ಕೊಳವೆಬಾವಿ ನೀರಿನ ಫ್ಲೋರೈಡ್ ಭಯ ನಮ್ಮ ಜಿಲ್ಲೆಗೆ ಹಳೆಯದು, ಅದು ಸುಳ್ಳೂ ಅಲ್ಲ. ಬೀಗರಿಗೆ ಮನೆ ನೀರು ಕೊಟ್ಟರು ಎಂಬ ಮಾತು ಬರಬಾರದು ಎಂಬ ಭಯ ಅದಕ್ಕಿಂತ ದೊಡ್ಡದು. ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಬರುವ ಶುದ್ಧ ನೀರಿನ ಘಟಕದಿಂದ ಕ್ಯಾನ್ ತುಂಬಿಸಿಟ್ಟು, ಗ್ಲಾಸು ಜೋಡಿಸಿ ನೋಡಿದೆವು. ಮಂದಿ ಕ್ಯಾನ್ ದಾಟಿಕೊಂಡು ಹೋಗಿ ಬಾಟಲಿ ಹಿಡಿದರು. ಶಾಮಿಯಾನದವನನ್ನು ಕೇಳಿದರೆ, ಬಾಟಲಿಯ ಸೀಲ್ ಒಡೆಯುವ ಟಕ್ ಶಬ್ದ ಕೇಳದಿದ್ದರೆ ಯಾರಿಗೂ ನೀರು ಕುಡಿದಂತೆ ಆಗುವುದಿಲ್ಲ, ಅದಕ್ಕೆ ಏನು ಮಾಡುತ್ತೀರಿ ಅನ್ನುತ್ತಾನೆ. ಬಾಟಲಿಯನ್ನೂ ಅವನೇ ಮಾರುತ್ತಾನೆ.